ತಕ್ಕಡಿಗೆ ಬಿದ್ದ ಪ್ರೋಗ್ರಾಮು

ಸಾಗರದ ಪೇಟೆಯಲ್ಲಿ ನನ್ನ ಭಾವನದು ಗಂಧದ ಕೆತ್ತನೆ ಸಾಮಾನಿನ ಅಂಗಡಿ. ಎದುರಿಗೆ ಬರುವ ಗಿರಾಕಿಗಿಂತ ಅಂಚೆಯ ಗಿರಾಕಿಗಳೇ ಜಾಸ್ತಿ. ದೂರದೂರಿನವರು ಗಣಪತಿಯನ್ನೋ ಆನೆಯನ್ನೋ ಕೇಳಿ ಬರೆದರೆ, ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಹಾಗೆ ವಿ.ಪಿ.ಪಿ. ಮಾಡಿ ಕಳಿಸುತ್ತಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಭಾವ ಜಂಬಕ್ಕೆ ಒಂದು ಕಂಪ್ಯೂಟರ್ ತಂದರು. ತಂದಮೇಲೆ ಅದರಿಂದ ಏನು ಮಾಡಿಸುವುದೆಂದು ತಿಳಿಯದೆ ತೀರ್ಥಹಳ್ಳಿಯಲ್ಲಿದ್ದ ನನಗೆ ಹೇಳಿಕಳಿಸಿದರು. ಶಿವಮೊಗ್ಗದಲ್ಲಿ ಪ್ರೋಗ್ರಾಮಿಂಗ್ ಕಲಿತು ಬಂದು ಮನೆಯಲ್ಲಿ ಕೂತಿದ್ದೆ ನಾನು.

“ಆರ್ಡರು, ಬಿಲ್ಲು, ಸ್ಟಾಕು ಎಲ್ಲ ನೋಡ್ಕೊಳೋ ಹಂಗೆ ಬರ್ದುಕೊಡು. ಪುಕ್ಕಟೆ ಬೇಡ, ರೇಟು ನೀನೇ ಹೇಳು” ಅಂದರು.

ಎರಡು ಸಾವಿರ ಅಂದೆ. ತಲೆಯಾಡಿಸಿದರು.

ಆ ಮಳೆಗಾಲವೆಲ್ಲ ಅಕ್ಕನ ಮನೆಯಲ್ಲಿದ್ದು ಬರೆದೆ. ಕರೆಂಟು ಹೋದಾಗಲೆಲ್ಲ ಬರೆದದ್ದು ಅಳಿಸಿಹೋಗುತ್ತಿತ್ತು. ಮತ್ತೆ ಕೂರುತ್ತಿದ್ದೆ. ಕೊನೆಗೊಂದು ದಿನ ವಿಳಾಸ ಟೈಪ್ ಮಾಡಿದ್ದೇ ತಡ, ಬಿಲ್ಲು ಅಚ್ಚಾಗಿ ಹೊರಗೆ ಬಂತು, ಸ್ಟಾಕಿನಲ್ಲಿ ಒಂದು ಆನೆ ಕಮ್ಮಿಯಾಯಿತು. ಭಾವ ಚಪ್ಪಾಳೆ ತಟ್ಟಿದರು. ನಾನು ಫ್ಲಾಪಿ ಕೈಗಿಟ್ಟು ದುಡ್ಡು ಕೇಳಿದೆ.

ವರದಹಳ್ಳಿಗೆ ಹೋಗಿ ಬಂದ ಯಾತ್ರಿಕರು ಅಂಗಡಿಯಲ್ಲಿದ್ದರು. ಭಾವ ಅವರತ್ತ ಕಣ್ಣು ಹೊಡೆದು, ಗಂಧದ ಚಕ್ಕೆ ತೂಗುವ ತಕ್ಕಡಿಗೆ ಫ್ಲಾಪಿ ಹಾಕಿದರು.

“ನಮ್ಮಲ್ಲಿ ಎಲ್ಲ ತೂಕದ ಮೇಲೆ. ಇಷ್ಟು ತೂಕದ ಗಂಧಕ್ಕೆ ಏನಾಗತ್ತೋ ಅದು ನಿಂದು.”

ಎಲ್ಲರೂ ನಕ್ಕರು. ಕಾಫಿ ತಂದಿದ್ದ ಅಕ್ಕನೂ ನಕ್ಕಳು. “ತಗೊಳೇ, ಬಸ್ ಚಾರ್ಜಿಗಾಯ್ತು.”

ತಗೊಂಡೆ. ಬಸ್ಸಿಗೆ ಬೇರೆ ದುಡ್ಡಿರಲಿಲ್ಲ.

ಮರುವರ್ಷ ಹೊಸನಗರದಿಂದ ಜೇನುತುಪ್ಪದ ವ್ಯಾಪಾರಿಯೊಬ್ಬರು ಬಿಲ್ಲಿನ ಕೆಲಸ ಕೆಟ್ಟು ನಿಂತಿದೆ ಎಂದು ಕರೆಸಿದರು. ಅವರ ಕಂಪ್ಯೂಟರಿನಲ್ಲಿ ನನ್ನದೇ ಪ್ರೋಗ್ರಾಮು!

“ನಿಮ್ ಭಾವಂಗೆ ಐದು ಸಾವಿರ ಕೊಟ್ಟೆ. ರಿಪೇರಿ ಬಂದ್ರೆ ನಾದಿನಿ ಫ್ರೀಯಾಗಿ ಮಾಡ್ತಾಳೆ ಅಂದಿದ್ರು.”

ಕೈಯೂ ಹಾಕದೆ ಎದ್ದು, ಸೀದಾ ಸಾಗರಕ್ಕೆ ಹೋಗಿ ನನ್ನ ದುಡ್ಡು ಕೇಳಿದೆ. ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಅಕ್ಕನೇ ಉತ್ತರ ಕೊಟ್ಟಳು: “ಮಳೆಗಾಲ ಪೂರ್ತಿ ತಿಂದ್ಯಲ್ಲ, ಅದು? ಗಂಡನಾ, ಮಕ್ಕಳಾ, ನಿಂಗ್ಯಾಕೆ ಅಷ್ಟು ದುಡ್ಡು?”

ಆ ವರ್ಷದ ಮಳೆಗೆ ಭಾವನ ಫ್ಲಾಪಿಗಳಿಗೆಲ್ಲ ಬೂಸ್ಟು ಹಿಡಿಯಿತು. ಕಂಪ್ಯೂಟರ್ ಏನನ್ನೂ ಓದಲೊಲ್ಲದು. ದೀಪಾವಳಿಯ ಆರ್ಡರುಗಳು ರಾಶಿ ಬಿದ್ದವು. ಕೈಯಲ್ಲೇ ಬಿಲ್ಲು ಬರೆಯುತ್ತಿದ್ದ ಹಳೆಯ ಗುಮಾಸ್ತನನ್ನು ಅವರು ಆಗಲೇ ಮನೆಗೆ ಕಳಿಸಿಯಾಗಿತ್ತು. ಹೊಸನಗರದ ಪ್ರತಿ ಕೆಟ್ಟೇ ಕೂತಿತ್ತು; ಸರಿಯಿದ್ದ ಇನ್ನೊಂದು ಪ್ರತಿ ಇದ್ದದ್ದು ನನ್ನ ಹತ್ತಿರ ಮಾತ್ರ.

ತೀರ್ಥಹಳ್ಳಿಗೆ ಅಕ್ಕ ಒಬ್ಬಳೇ ಬಂದಳು. ಕೂತು ಅತ್ತಳು. ಅಳು ಮುಗಿಯುವವರೆಗೆ ಕಾದು, “ಹತ್ತು ಸಾವಿರ. ಮೊದಲು ದುಡ್ಡು” ಅಂದೆ.

“ಅಷ್ಟೆಲ್ಲಿಂದ ತರ್ಲಿ? ಅವ್ರು ಕೊಡಲ್ಲ ಕಣೇ. ಬರಿಗೈಲಿ ಹೋದ್ರೆ ನನ್ನ ಸುಮ್ನೆ ಬಿಡಲ್ಲ.”

ನಾನು ಅವಳ ಕೈಯ ಚಿನ್ನದ ಬಳೆ ನೋಡಿದೆ. ಅವಳು ಕೈಗೆ ಸೋಪು ಹಚ್ಚಿಕೊಂಡು, ಅಮ್ಮ ಮದುವೆಗೆ ಹಾಕಿದ್ದ ಬಳೆ ಎರಡನ್ನೂ ಎಳೆದು ತೆಗೆದು ಮೇಜಿನ ಮೇಲಿಟ್ಟಳು. ಗೆಣ್ಣು ತರಚಿತ್ತು.

ಬಳೆ ಎತ್ತಿ ಬೀರುವಿನಲ್ಲಿಟ್ಟು, ಫ್ಲಾಪಿ ಕೊಟ್ಟು ಕಳಿಸಿದೆ.