ಪೀಪಿ ಕೇಳಿ ಹೋದವರು

ಇದು ನಿಜವಾಗಿ ನಡೆದದ್ದು. ಕಥೆ ಕಟ್ಟಿ ನನಗೆ ಆಗಬೇಕಾದ್ದು ಏನೂ ಇಲ್ಲ. ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ 'ನಿನ್ನೆ ಬೇಸ್‌ಮೆಂಟಿನಲ್ಲಿ ಏನೋ ನೆರಳು ಕಂಡಿತು' ಎಂದು ಹಾಕಿದರೆ, 'ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ' ಎಂದು ಉತ್ತರ ಹಾಕುವವಳು ನಾನೇ. ಸ್ವೀಡನ್ನಿನ ಓರೆಬ್ರೂ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಹನ್ನೊಂದು ವರ್ಷದಿಂದ ಈ ಊರಿನವರ ರಕ್ತ ನೋಡಿದ್ದೇನೆ, ಒಂದು ದೆವ್ವವನ್ನೂ ನೋಡಿಲ್ಲ.

ಕಳೆದ ಅಕ್ಟೋಬರಿನ ಒಂದು ಶನಿವಾರದವರೆಗೆ ಹೀಗೆಯೇ ಜಂಭದಿಂದ ಹೇಳಿಕೊಳ್ಳುತ್ತಿದ್ದೆ...

ಎಲ್ಲ ಶುರುವಾದದ್ದು ನನ್ನ ತಮ್ಮ ಕಿರಣನ ಶೋಕಿಯಿಂದ. ಬೆಂಗಳೂರಿನಲ್ಲಿದ್ದಾಗ ಬಾಲ್ಕನಿಗೆ ಪಾರಿವಾಳ ಬಂದರೆ ಬಾಗಿಲ ಹಿಂದೆ ನಿಂತು 'ಅಕ್ಕಾ, ಓಡ್ಸೇ' ಎಂದು ಕಿರುಚುತ್ತಿದ್ದ ಗಂಡಸು ಇವನು. ಸ್ವೀಡನ್ನಿಗೆ ಬಂದು, ಕಾರ್ಲ್‌ಸ್ಕ್ರೂನಾದಲ್ಲಿ ಎರಡು ವರ್ಷ ಕೋಡ್ ಬರೆದು, ಆಮೇಲೆ ನಾನಿರುವ ಊರಿಗೇ ಬಂದ. ಇಲ್ಲಿ ಫಿಕಾ ಎನ್ನುವ ಕಾಫಿ ಹೊತ್ತಿನಲ್ಲಿ ಆಫೀಸಿನ ಯಾರೋ 'ನೀನೂ ಬೇಟೆಗೆ ಬಾ' ಎಂದರಂತೆ. ಅಷ್ಟೇ ಸಾಕಾಯಿತು. ಬೇಟೆಯ ಪರೀಕ್ಷೆಗೆ ಓದಿದ, ಪಾಸಾದ, ಬಂದೂಕು ಕೊಂಡ, ಅದಕ್ಕೊಂದು ಕಬ್ಬಿಣದ ಕಪಾಟು ಕೊಂಡ. ತಲೆಯಿಂದ ಕಾಲಿನವರೆಗೆ ಹಸಿರು ಬಟ್ಟೆ ತೊಟ್ಟು ಕನ್ನಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ನಾಲ್ಕು ವರ್ಷದಲ್ಲಿ ಸ್ವೀಡಿಷ್‌ನಲ್ಲಿ ನಾಲ್ಕು ವಾಕ್ಯ ನೆಟ್ಟಗೆ ಆಡಲು ಬಾರದವನು ಟೊಪ್ಪಿ ಹಾಕಿಕೊಂಡೇ ಸ್ವೀಡನ್ನಿನವನಾಗಿಬಿಟ್ಟ.

ಅಷ್ಟಕ್ಕೇ ಬಿಟ್ಟಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅವನ ಮಗಳು ಅನ್ವಿಗೆ ಆಗ ಆರು ವರ್ಷ. ಅವಳಿಗೂ ಅಂಥದೇ ಪುಟ್ಟ ಹಸಿರು ಜಾಕೆಟ್ ತಂದ.

"ಅಕ್ಕಾ, ಇಲ್ಲಿಯವ್ರು ಮಕ್ಕಳನ್ನ ಚಿಕ್ಕ ವಯಸ್ಸಲ್ಲೇ ಕರ್ಕೊಂಡ್ ಹೋಗ್ತಾರೆ. ಇದೊಂದು ಸ್ಪೋರ್ಟು. ನೇಚರ್ ಜೊತೆ ಕನೆಕ್ಷನ್ ಬರತ್ತೆ" ಎಂದ.

"ಹಕ್ಕಿ ಕೊಂದ್ರೆ ಕನೆಕ್ಷನ್ ಬರತ್ತೇನೋ? ಕಾಳು ಹಾಕಿದ್ರೆ ಬರಲ್ವಾ?"

"ನಿಂಗೆ ಅರ್ಥ ಆಗಲ್ಲ ಬಿಡು. ನೀನೂ ಬಾ. ಸುಷ್ಮಾ ಸೋಮವಾರದವರೆಗೂ ಬರಲ್ಲ, ಇವಳನ್ನ ನೋಡ್ಕೊಳ್ಳೋಕೆ ಒಬ್ರು ಬೇಕು."

ಅವನ ಹೆಂಡತಿ ಸುಷ್ಮಾ ಆಫೀಸಿನ ಕೆಲಸಕ್ಕೆಂದು ಟೋರ್ಸ್‌ಲಾಂಡಕ್ಕೆ ಹೋಗಿದ್ದಳು. ಇವನೊಬ್ಬನ ಕೈಗೆ ಮಗುವನ್ನೂ ಬಂದೂಕನ್ನೂ ಒಟ್ಟಿಗೆ ಕೊಡಲು ಮನಸ್ಸು ಬರಲಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಹೊರಟೆ.

ಊರಿನಿಂದ ಒಂದು ಗಂಟೆ ಉತ್ತರಕ್ಕೆ, ಕಾಡಿನ ಅಂಚಿನಲ್ಲಿ ಲೆನಾರ್ಟ್ ಎಂಬ ಹಿರಿಯರ ಮರದ ಮನೆ. ಕಿರಣನ ಆಫೀಸಿನಲ್ಲಿದ್ದು ನಿವೃತ್ತರಾದವರು, ಸುತ್ತಲಿನ ಕಾಡೂ ಅವರದೇ. ದೂರದ ಉತ್ತರದ ಕಡೆಯವರು. ಆ ಕಡೆಯವರು ಹೌದು ಎನ್ನುವುದಕ್ಕೆ ಬಾಯಿ ತೆರೆಯುವುದೇ ಇಲ್ಲ. 'ಶುಪ್' ಎಂದು ಉಸಿರು ಒಳಗೆ ಎಳೆದುಕೊಳ್ಳುತ್ತಾರೆ, ಅದೇ ಹೌದು. ಮೊಣಕಾಲು ನೋವೆಂದು ಅವರು ನಮ್ಮ ಜೊತೆ ಬರಲಿಲ್ಲ. ಕಿರಣನ ಕೈಗೆ ಬೆರಳುದ್ದದ ಒಂದು ಪೀಪಿ ಕೊಟ್ಟರು.

ಯೆರ್ಪೆ ಎಂಬ ಹಕ್ಕಿಯನ್ನು ಕರೆಯುವ ಪೀಪಿ ಅದು. ಪಾರಿವಾಳಕ್ಕಿಂತ ಸ್ವಲ್ಪ ದಪ್ಪ, ಒಣಗಿದ ಎಲೆಯ ಬಣ್ಣದ ಕಾಡುಹಕ್ಕಿ. ಮರಕ್ಕೆ ಬೆನ್ನು ಕೊಟ್ಟು ಕೂತು ಊದಬೇಕು. ತನ್ನ ಜಾಗಕ್ಕೆ ತನ್ನಂಥದೇ ಇನ್ನೊಂದು ಬಂದಿದೆ ಎಂದುಕೊಂಡು ಅದು ತಾನಾಗಿ ಹುಡುಕಿಕೊಂಡು ಬರುತ್ತದೆ.

"ಒಂದು ಸಲ ಊದಿ ಕಾಯಬೇಕು. ಪದೇ ಪದೇ ಊದಬಾರದು" ಎಂದರು ಲೆನಾರ್ಟ್. ಆಮೇಲೆ ಅನ್ವಿಯ ಕಡೆ ಬಗ್ಗಿ, "ಪೀಪಿ ಕೇಳಿದರೆ ನೀನು ಸ್ಟಿಲ್ಲಾ" ಎಂದು ಬೆರಳು ತುಟಿಗಿಟ್ಟುಕೊಂಡರು. ಸ್ಟಿಲ್ಲಾ ಎಂದರೆ ಅಲ್ಲಾಡಬಾರದು, ಉಸಿರೆತ್ತಬಾರದು.

ಕಿರಣ ಇದನ್ನೇ ಹಿಡಿದುಕೊಂಡ. ಕಾಡಿನೊಳಗೆ ಇಡೀ ಮಧ್ಯಾಹ್ನ ಮಗುವಿಗೆ ಅದೇ ಪಾಠ. "ಪುಟ್ಟಿ, ಪೀಪಿ ಸೌಂಡ್ ಬಂದ್ರೆ ಸ್ಟಿಲ್ಲಾ. ಅತ್ತೆ ಕರೆದ್ರೂ ಮಾತಾಡಬಾರ್ದು. ನಾನ್ ಕರೆದ್ರೂ ಮಾತಾಡಬಾರ್ದು. ಓಕೆ?" ಒಂದು ಸಲ ಸರಿಯಾಗಿ ಕೂತರೆ ಒಂದು ಮಿಠಾಯಿ. ನಾಯಿಮರಿಯನ್ನು ಪಳಗಿಸುವುದೂ ಹೀಗೆಯೇ ಅಲ್ಲವೇ? ಬಾಯಿಬಿಟ್ಟು ಅಂದೂಬಿಟ್ಟೆ. ಅವನಿಗೆ ಸಿಟ್ಟು ಬಂತು.

ಮೂರನೆಯ ಜಾಗದಲ್ಲಿ ಹಕ್ಕಿ ಉತ್ತರ ಕೊಟ್ಟಿತು. ತ್ಸೀ... ತ್ಸೀ... ತ್ಸಿ-ತ್ಸಿ-ತ್ಸಿ. ಸೂಜಿಯಷ್ಟು ಸಣ್ಣ ದನಿ. ಆಮೇಲೆ ಒಣ ಎಲೆಗಳ ಮೇಲೆ ಪುಟ್ಟ ಕಾಲುಗಳ ಸದ್ದು. ನಮ್ಮ ಸುತ್ತ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಕತ್ತು ಚಾಚಿ ಹುಡುಕಿತು. ಕಿರಣ ಗುಂಡು ಹಾರಿಸಿದ.

ಅನ್ವಿ ಅಳಲಿಲ್ಲ. ಹಕ್ಕಿಯ ರೆಕ್ಕೆ ಬಿಡಿಸಿ ನೋಡುತ್ತಾ, "ವೈ ಡಿಡ್ ಇಟ್ ಕಮ್, ಪಪ್ಪಾ?" ಎಂದು ಕೇಳಿದಳು.

ಉತ್ತರ ಕೊಟ್ಟವಳು ನಾನು. ಅದು ನನಗೆ ಚೆನ್ನಾಗಿ ನೆನಪಿದೆ. "ದಡ್ಡ ಹಕ್ಕಿ ಕಂದ. ಯಾರು ಕರೀತಿದಾರೆ ಅಂತ ಮುಖಾನೂ ನೋಡದೆ ಬಂದ್ಬಿಡ್ತು" ಎಂದೆ. ಕಿರಣನ ಮೇಲೆ ಎಷ್ಟು ತಾತ್ಸಾರವಿತ್ತೋ ಆ ಹಕ್ಕಿಯ ಮೇಲೂ ನನಗೆ ಅಷ್ಟೇ ಇತ್ತು.

ಆಮೇಲೆ ಪೀಪಿ ಅನ್ವಿಯ ಕೈ ಸೇರಿತು. ಬಿಡುವಿಲ್ಲದೆ ಊದಿ ಊದಿ ನನ್ನ ತಲೆ ಚಿಟ್ಟು ಹಿಡಿಸಿದಳು. ಚಿತ್ರಾನ್ನ ತಿನ್ನುವಾಗ ಅದನ್ನು ಕಿತ್ತುಕೊಂಡೆ. ಅಳುಮುಖ ಮಾಡಿದಳು. "ಕೊಟ್ಬಿಡು ಅಕ್ಕಾ, ಪಾಪ" ಎಂದ ಕಿರಣ. ಆಮೇಲೆ ಅದು ಏನಾಯಿತೆಂದು ನಾನು ಮರೆತೇಬಿಟ್ಟೆ.

ಆರಕ್ಕೆಲ್ಲ ಸೂರ್ಯ ಮುಳುಗುವ ತಿಂಗಳು ಅದು. ಕಿರಣ ತೋಟಾ ತೆಗೆದು ಬಂದೂಕನ್ನು ಚೀಲಕ್ಕೆ ಹಾಕಿದ. ವಾಪಸು ಹೊರಟೆವು. ಅಷ್ಟರಲ್ಲಿ ಅವನ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ರಕ್ತ ಸೋರುವ ಹಕ್ಕಿಯನ್ನು ಮಗಳ ಕೈಗೆ ಕೊಟ್ಟು ತೆಗೆದ ಫೋಟೋವನ್ನು ಆಗಲೇ ಗುಂಪಿಗೆ ಹಾಕಿದ್ದ! ನನಗೆ ಮೈ ಉರಿದುಹೋಯಿತು. ನಡೆಯುತ್ತಲೇ ಬಾಯಿಗೆ ಬಂದಂತೆ ಬೈದೆ. ಅವನೂ ಸುಮ್ಮನಿರಲಿಲ್ಲ. ಐದು ನಿಮಿಷ ಹೀಗೇ ಜಗಳವಾಡುತ್ತಾ ಹೋದೆವು.

ತಿರುಗಿ ನೋಡಿದರೆ ಅನ್ವಿ ಇಲ್ಲ.

"ಅನ್ವೀ..."

ಉತ್ತರವಿಲ್ಲ. ಸ್ಪ್ರೂಸ್ ಮರಗಳ ನಡುವೆ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಹತ್ತು ಮಾರು ಆಚೆ ಯಾವುದು ಕಲ್ಲು, ಯಾವುದು ಕೂತಿರುವ ಮಗು ಎಂದು ತಿಳಿಯುತ್ತಿರಲಿಲ್ಲ. ಇಬ್ಬರೂ ಕೂಗುತ್ತಾ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದೆವು.

ಆಗ ಕೇಳಿತು. ಬಲಗಡೆಯಿಂದ.

ತ್ಸೀ... ತ್ಸೀ... ತ್ಸಿ-ತ್ಸಿ-ತ್ಸಿ.

ಕಿರಣ ಉಸ್ಸೆಂದು ಉಸಿರು ಬಿಟ್ಟ. "ಪೀಪಿ ಅವಳ ಹತ್ರಾನೇ ಇದೆ. ಆಟ ಆಡ್ಸ್ತಿದಾಳೆ, ಕಳ್ಳಿ."

ದನಿ ಬಂದ ಕಡೆಗೆ ನಡೆದೆವು. ಅಲ್ಲಿ ಹೋದರೆ ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ, ಸ್ವಲ್ಪ ದೂರದಿಂದ, ಅದೇ ದನಿ. "ಅನ್ವಿ, ಸಾಕು ಬಾ ಆಚೆ!" ಎಂದು ಗದರಿದೆ. ಅತ್ತ ಹೋದೆವು, ಮತ್ತೆ ಇತ್ತ. ಎಷ್ಟು ಹೊತ್ತು ನಡೆದೆವೋ ಗೊತ್ತಿಲ್ಲ. ಕಾಲಿನ ಕೆಳಗೆ ಪಾಚಿ ಮೆತ್ತಗಾಗುತ್ತಾ ಬಂತು. ಗಾಳಿ ನಿಂತಿತ್ತು. ಒಂದು ವಾಸನೆ... ರಕ್ತದ ವಾಸನೆಯಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಗರಿ ತುಂಬಿದ ಹಳೆಯ ದಿಂಬು ಒದ್ದೆಯಾಗಿ ಮುಗ್ಗಿದ ವಾಸನೆ.

ನನ್ನ ತಲೆಯಲ್ಲಿ ಏನೋ ಚುಚ್ಚತೊಡಗಿತು. ಅನ್ವಿ ಊದುವ ರೀತಿ ನನಗೆ ಗೊತ್ತಿತ್ತು, ಉಸಿರು ಕಟ್ಟುವವರೆಗೂ ಒಂದೇ ಸಮ ಊದುತ್ತಾಳೆ. ಇದು ಹಾಗಿರಲಿಲ್ಲ. ಒಂದು ಸಲ ಊದುತ್ತಿತ್ತು. ಆಮೇಲೆ ಕಾಯುತ್ತಿತ್ತು...

ಟಾರ್ಚ್ ಹಾಕಲೆಂದು ಫೋನಿಗಾಗಿ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಸಣ್ಣ, ತಣ್ಣನೆಯ ವಸ್ತು ತಗುಲಿತು.

ಪೀಪಿ.

ಊಟದ ಹೊತ್ತಿನಲ್ಲಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡವಳು ನಾನೇ. ಅದು ನನ್ನ ಮುಷ್ಟಿಯಲ್ಲಿರುವಾಗಲೇ ಎದುರಿನ ಕತ್ತಲಿನಿಂದ ಆ ದನಿ ಇನ್ನೊಮ್ಮೆ ಬಂತು. ಬಹಳ ಹತ್ತಿರದಿಂದ.

ಕಿರಣ ನನಗಿಂತ ಮೂರು ಹೆಜ್ಜೆ ಮುಂದಿದ್ದ, ಇನ್ನೂ ನಡೆಯುತ್ತಲೇ ಇದ್ದ. ಅವನನ್ನು ಕೂಗಲೆಂದು ಬಾಯಿ ತೆರೆದೆ.

"ಸ್ಟಿಲ್ಲಾ, ಅತ್ತೆ."

ಬೆನ್ನ ಹಿಂದಿನಿಂದ, ಪಿಸುಮಾತಿನಲ್ಲಿ. ತಿರುಗಿದರೆ, ಹಕ್ಕಿ ಹೊಡೆದಾಗ ನಾವು ಕೂತಿದ್ದ ಅದೇ ಮರ. ಅದರ ಬುಡಕ್ಕೆ ಬೆನ್ನು ಕೊಟ್ಟು, ಮೊಣಕಾಲು ಅಪ್ಪಿಕೊಂಡು ಅನ್ವಿ ಕೂತಿದ್ದಳು. ತುಟಿಯ ಮೇಲೆ ಬೆರಳು.

ನಾನು ಮುಂದಕ್ಕೆ ನುಗ್ಗಿ ಕಿರಣನ ಜಾಕೆಟ್ ಹಿಡಿದು ಎಳೆದೆ. ಟಾರ್ಚ್ ಹೊತ್ತಿಸಿದೆ. ಅವನ ಬೂಟಿನ ಮುಂದೆ ನೆಲವಿರಲಿಲ್ಲ. ಪಾಚಿಯ ನಡುವೆ ಕಪ್ಪು ನೀರು, ಬಾವಿಯಷ್ಟು ಅಗಲ. ಅಂಥ ಜೌಗಿನಲ್ಲಿ ಬಿದ್ದರೆ ದನವೂ ಮೇಲೆ ಬರುವುದಿಲ್ಲ ಎಂದು ಲೆನಾರ್ಟ್ ಬೆಳಗ್ಗೆಯೇ ಎಚ್ಚರಿಸಿದ್ದರು.

ಮೂವರೂ ಮರಕ್ಕೆ ಅಂಟಿಕೊಂಡು ಕೂತೆವು. ಮಗುವನ್ನು ನಾನು ಅಪ್ಪಿಕೊಂಡಿದ್ದೆನೋ, ಮಗುವೇ ನನ್ನನ್ನು ಹಿಡಿದುಕೊಂಡಿತ್ತೋ. ಪೀಪಿ ಇನ್ನೆರಡು ಸಲ ಕೇಳಿತು. ಆಮೇಲೆ ಒಣ ಎಲೆಗಳ ಮೇಲೆ ಹೆಜ್ಜೆಗಳು, ಅವಸರವಿಲ್ಲದ ಹೆಜ್ಜೆಗಳು, ದೂರವಾದವು. ಎರಡು ಕಾಲಿನ ನಡಿಗೆ. ಹಕ್ಕಿಗೂ ಎರಡೇ ಕಾಲು, ಒಪ್ಪುತ್ತೇನೆ. ಆದರೆ ಹಕ್ಕಿ ಕಾಲಿಟ್ಟರೆ ಕೊಂಬೆ ಲಟಕ್ಕೆಂದು ಮುರಿಯುವುದಿಲ್ಲ.

ಲೆನಾರ್ಟ್ ಅವರ ಮನೆ ಸೇರಿ ಒಲೆಯ ಮುಂದೆ ಕೂತ ಮೇಲೆ ಕಿರಣನಿಗೆ ಬಾಯಿ ಬಂತು. ಮಗಳ ಮೇಲೆ ಹರಿಹಾಯ್ದ. "ಅಷ್ಟು ಕೂಗಿದ್ವಲ್ಲ, ಯಾಕೆ ಮಾತಾಡ್ಲಿಲ್ಲ?"

"ಪೀಪಿ ಸೌಂಡ್ ಬರ್ತಿತ್ತು" ಎಂದಳು ಅನ್ವಿ, ಇಷ್ಟೂ ತಿಳಿಯದವನಿಗೆ ಹೇಳುವಂತೆ. "ನೀವೇ ಹೇಳಿದ್ರಿ, ಪಪ್ಪಾ. ನೀವು ನನ್ನ ಪಕ್ಕದಲ್ಲೇ ಮೂರು ಸಲ ಹೋದ್ರಿ. ರೌಂಡ್ ರೌಂಡ್. ಲೈಕ್ ದ ಬರ್ಡ್."

ಕತ್ತಲಾದ ಮೇಲೆ ಯೆರ್ಪೆ ಕೂಗುತ್ತದೆಯೇ ಎಂದು ಲೆನಾರ್ಟ್ ಅವರನ್ನು ಕೇಳಿದೆ. ಇಲ್ಲ, ಅವು ಕತ್ತಲಾಗುವ ಮೊದಲೇ ಮಲಗುತ್ತವೆ ಎಂದರು. ಬೇರೆ ಬೇಟೆಗಾರರು? ಇದು ನನ್ನ ಕಾಡು, ನನ್ನನ್ನು ಕೇಳದೆ ಯಾರೂ ಬರುವುದಿಲ್ಲ ಎಂದರು.

"ಇದಕ್ಕೆ ಮುಂಚೆ ಯಾರಾದರೂ ಹೀಗೆ ಕೇಳಿದ್ದಾರಾ?"

ಅವರು ನನ್ನ ಕೈಯಿಂದ ಪೀಪಿ ತೆಗೆದುಕೊಂಡು, ಅಂಗಿಯ ತುದಿಯಿಂದ ಒರೆಸಿ ಡ್ರಾಯರಿಗೆ ಹಾಕಿದರು. ಡ್ರಾಯರು ಮುಚ್ಚಿ ಉಸಿರು ಒಳಗೆ ಎಳೆದುಕೊಂಡರು.

ಶುಪ್.

ಹೆಚ್ಚಿಗೆ ಕೇಳಲು ನನಗೆ ಧೈರ್ಯ ಬರಲಿಲ್ಲ.

ಕಿರಣ ಈಗ ಎಲ್ಲರಿಗೂ 'ಯಾವನೋ ಪ್ರ್ಯಾಂಕ್ ಮಾಡಿದ' ಎಂದು ಹೇಳಿಕೊಂಡು ತಿರುಗುತ್ತಾನೆ. ಗುಂಪಿಗೆ ಹಾಕಿದ ಆ ಫೋಟೋವನ್ನು ಇನ್ನೂ ತೆಗೆದಿಲ್ಲ. ಅವನನ್ನು ಎಷ್ಟು ಬೈದರೂ ದಂಡ. ಮೊದಲಿನ ಹಾಗೆ ಬೈಯಲು ನನಗೂ ಬಾಯಿ ಏಳುವುದಿಲ್ಲ. ಅವನ ಹಿಂದೆ ಮೂರೇ ಹೆಜ್ಜೆಯ ಅಂತರದಲ್ಲಿ, ಕರೆದವರ ಮುಖ ನೋಡದೆ ನಡೆದವಳು ನಾನೇ ಅಲ್ಲವೇ?

ಶಾಲೆ ಮುಗಿದ ಮೇಲೆ ಅನ್ವಿ ನಮ್ಮ ಮನೆಗೆ ಬರುತ್ತಾಳೆ. ಈಗ ಅವಳನ್ನು ಕರೆದರೆ ಬರುವುದಿಲ್ಲ. ಅವಳಿದ್ದಲ್ಲಿಗೆ ಹೋಗಿ ಮುಖ ತೋರಿಸಬೇಕು. ಹಟ ಕಲಿತಿದ್ದಾಳೆ ಎನ್ನುತ್ತಾಳೆ ಸುಷ್ಮಾ. ನಾನು ಸುಮ್ಮನೆ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ನೋಡುತ್ತಾಳೆ... ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡುತ್ತಾಳೆ. ಆಮೇಲೆ ಎದ್ದು ಬರುತ್ತಾಳೆ.

ಕಳೆದ ವಾರ ತಡೆಯಲಾರದೆ ಕೇಳಿದೆ. "ಯಾಕೆ ಪುಟ್ಟಿ ನನ್ನ ಹಾಗೆ ನೋಡ್ತೀಯಾ?"

ದೋಸೆ ಮುರಿಯುತ್ತಾ, ತಲೆ ಎತ್ತದೆ ಹೇಳಿದಳು. "ಅವತ್ತು ಕಾಡಲ್ಲಿ ನೀವು ಥರ್ಡ್ ಟೈಮ್ ಹೋದಾಗ... ಪಪ್ಪಾ ಹಿಂದೆ ಇಬ್ಬರು ಅತ್ತೆ ಇದ್ರು."

ಚಟ್ನಿ ಬಡಿಸಿದೆ. ಅವಳು ಪಿಸುಗುಟ್ಟಿ ತಡೆದದ್ದು ಆ ಇಬ್ಬರಲ್ಲಿ ಯಾರನ್ನು ಎಂದು ಇವತ್ತಿಗೂ ಕೇಳಿಲ್ಲ.