ಚೆನ್ನವ್ವ ಮನೆ ಬಿಟ್ಟಿದ್ದಳು

ಗಿರಿಜಕ್ಕ, ಚೆನ್ನವ್ವ ಅತ್ತೆಯ ಮನೆ ಬಿಟ್ಟು ಹೋಗಿದ್ದಳು. ಹೋಗಲಿಲ್ಲ ಎಂದು ನಿನಗೆ ಹೇಳಿದವಳು ನಾನು. ತಪ್ಪು ತಿಳಿದು ಹೇಳಿದ್ದಲ್ಲ. ಟಿವಿಯಲ್ಲಿ ಆಕೆ ಆಡಿದ ಹಿಂದಿಯ ಒಂದೊಂದು ಮಾತೂ ನನಗೆ ಅರ್ಥವಾಗಿತ್ತು — ಅರ್ಥವಾಗಿಯೇ, ನಿನ್ನ ಮುಖ ನೋಡಿಕೊಂಡೇ, ಬೇರೆ ಹೇಳಿದೆ.

ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ. ಏಕೆಂದರೆ ನನ್ನ ಸ್ವಭಾವ ನನಗೆ ಗೊತ್ತು. ಹಿನ್ನೆಲೆ ಹೇಳುತ್ತೇನೆ, ಸಂದರ್ಭ ಹೇಳುತ್ತೇನೆ, ಆ ಕಾಲವೇ ಹಾಗಿತ್ತು ಎನ್ನುತ್ತೇನೆ — ಕೊನೆಗೆ ತಪ್ಪು ಯಾರದೂ ಅಲ್ಲ ಎನ್ನುವ ಹಾಗೆ ಮಾಡಿಬಿಡುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಆ ವಿದ್ಯೆ ಬೇಗ ಬರುತ್ತದೆ.

ನೆನಪನ್ನು ನಾನು ನಂಬುವುದಿಲ್ಲ. ಆ ಬೇಸಿಗೆಯ ದಿನಚರಿಯನ್ನು ತೆಗೆದು ಎದುರಿಗಿಟ್ಟುಕೊಂಡಿದ್ದೇನೆ. ದಿನಚರಿಯಲ್ಲಿ ಇಲ್ಲದ್ದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಕೆಲವು ಮಾತು ಬರೆದಿಡದಿದ್ದರೂ ಮರೆಯುವುದಿಲ್ಲ.

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಿಮ್ಮದು ಹತ್ತಿ-ಜೋಳದ ಅಡತಿ ವ್ಯಾಪಾರದ ಮನೆತನ. ಪೂಜೆ ನಡೆಯುವ ಮನೆಯಲ್ಲಿ ಟಿವಿ ಬೇಡವೆಂದು ನಿನ್ನ ಮಾವ ಖಡಾಖಂಡಿತವಾಗಿ ಹೇಳಿದ್ದರು. ಪಕ್ಕದ ಮನೆಯಲ್ಲಿ ನೋಡಬೇಡಿ ಎಂದು ಮಾತ್ರ ಹೇಳಿರಲಿಲ್ಲ. ಹಾಗಾಗಿ ಭಾನುವಾರ ಹನ್ನೊಂದಕ್ಕೆ ನಿನ್ನ ಅತ್ತೆ ನೀಲವ್ವ ಆಯಿ ಬಂದು ನಮ್ಮ ಬೆತ್ತದ ಕುರ್ಚಿಯಲ್ಲಿ ಕೂಡುತ್ತಿದ್ದಳು. ನೀನು ನಾಲ್ಕು ವರ್ಷದ ಸವಿತಾಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂಡುತ್ತಿದ್ದೆ. ಓಣಿಯ ಇನ್ನೂ ಮೂರು ನಾಲ್ಕು ಜನ ಇರುತ್ತಿದ್ದರು. ಹಿಂದಿಗೆ ತಂದ ಜಪಾನಿನ ಧಾರಾವಾಹಿ ಅದು. ನಿಮಗೆ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಅಪ್ಪ ರೈಲ್ವೆಯಲ್ಲಿದ್ದು, ನಾನು ಭುಸಾವಳದ ಹಿಂದಿ ಶಾಲೆಯಲ್ಲಿ ಓದಿದ್ದರಿಂದ ನನಗೆ ಬರುತ್ತಿತ್ತು. ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಎಂ.ಎ. ಮಾಡುತ್ತಿದ್ದ ನಾನು ಭಾನುವಾರ ಮಾತ್ರ ನಿಮ್ಮೆಲ್ಲರ ಕಥೆಗಾರ್ತಿ.

ನಾಯಕಿಯ ಹೆಸರು ಯಾರ ಬಾಯಿಗೂ ಹೊಂದದ್ದರಿಂದ ನೀವೆಲ್ಲ ಸೇರಿ ಆಕೆಗೆ ಚೆನ್ನವ್ವ ಎಂದು ಹೆಸರಿಟ್ಟಿರಿ. ಆಕೆಯ ಅತ್ತೆ ಬರೀ ‘ಮುದುಕಿ’. ಚೆನ್ನವ್ವ ಗಂಡನಿಗೆ ಮದ್ಯ ಸುರಿದು ಕೊಟ್ಟಾಗ ನೀಲವ್ವ ಆಯಿ, “ಅದೇನದು, ಸಣ್ಣ ವಾಟಿಗ್ಯಾಗ?” ಎಂದು ಕೇಳಿದ್ದಳು. ನಾನು “ಕಷಾಯರಿ ಆಯಿ, ಅಲ್ಲಿ ಭಾಳ ಥಂಡಿ” ಎಂದೆ. “ದಿನಾ ಕಷಾಯ ಕುಡಿತಾನಲ್ಲವಾ, ಏನ ರೋಗ ಅಂವಗ?” ಎಂದು ಆಯಿ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲ ಸುಳ್ಳು ಎಷ್ಟು ಹಗುರಾಗಿತ್ತು — ಅದು ಸುಳ್ಳು ಎಂದೂ ಅನಿಸಲಿಲ್ಲ.

ಆ ಬೇಸಿಗೆ ನಿನಗೆ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು. ನೀನು ಮನೆಯಲ್ಲಿ ಗುಟ್ಟಾಗಿಟ್ಟು, ನಿನ್ನ ಅಣ್ಣನ ಕೈಯಿಂದ ಅರ್ಜಿ ಹಾಕಿಸಿದ್ದೆ. ಸೋಮವಾರ ಆತ ಬರುವವನಿದ್ದ. ನೀನು ಸವಿತಾಳನ್ನು ಕರೆದುಕೊಂಡು ಆತನ ಜೊತೆ ಹೋದರೆ ತರಬೇತಿ ಮುಗಿಯುವವರೆಗೆ ಅಣ್ಣ-ಅತ್ತಿಗೆಯ ಮನೆಯಲ್ಲಿ ಇರಬಹುದಿತ್ತು. ಶನಿವಾರ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುವಾಗ ಇದನ್ನೆಲ್ಲ ನನಗೆ ಹೇಳಿದೆ.

“ನಮ್ಮ ಮನಿಯವರ್ನ, ಮಾವನ್ನ ಕೇಳಿದ್ರ ಒಲ್ಲೆ ಅಂತಾರ. ಕೇಳದ ಹೋದ್ರ ತಿರುಗಿ ಕರಕೊಳ್ಳೂದಿಲ್ಲ. ಏನ್ ಮಾಡ್ಲಿ ವಸೂ?”

“ನಾ ಏನ್ ಹೇಳ್ಲಿ ಗಿರಿಜಕ್ಕ…”

“ನೀ ಹೇಳಬ್ಯಾಡ ಬಿಡು. ಚೆನ್ನವ್ವನ ಹೇಳ್ಲಿ. ಹೋದ ವಾರ ಗಂಟು ಕಟ್ಟಾಕತ್ತಿದ್ಲಲ್ಲ? ಆಕಿ ಮುದುಕಿನ್ನ ಬಿಟ್ಟು ಹೊಂಟ್ಲಂದ್ರ ನಾನೂ ಅಣ್ಣನ ಸಂಗಾಟ ಹೊಂಟ ಬಿಡ್ತೇನಿ.”

ನೀನು ನಕ್ಕೆ. ಚೇಷ್ಟೆ ಎಂದು ನಾನೂ ನಕ್ಕೆ. ಆದರೆ ಶಾವಿಗೆ ಹರಡುತ್ತಿದ್ದ ನಿನ್ನ ಕೈ ನಿಂತಿತ್ತು. ಅದನ್ನು ನೋಡಿದೆ. ನೋಡಿದೆ ಎನ್ನುವುದೇ ನನ್ನ ಮೇಲಿನ ದೊಡ್ಡ ಆರೋಪ.

ಮರುದಿನ ಆಯಿ ಕುರ್ಚಿಯಲ್ಲಿ ಕೂಡುತ್ತಲೇ ಹೇಳಿದಳು: “ಏನವಾ ವಸು, ಆ ಹುಡುಗಿ ಇವತ್ತ ಓಡಿ ಹೋಗತೈತೇನ? ಹಂಗೇನರ ಆದ್ರ ನಮ್ಮ ಸೊಸಿನ್ನ ನಿಮ್ಮನಿಗೆ ಕಳ್ಸೂದಿಲ್ಲ ನೋಡ. ನೀನ ತಲಿ ಕೆಡಿಸಿದಿ ಅಂತೇನಿ.” ಎಲ್ಲರೂ ನಕ್ಕರು. ನಮ್ಮವ್ವ ಮಾತ್ರ ನಗಲಿಲ್ಲ, ನನ್ನ ಕಡೆ ಒಮ್ಮೆ ನೋಡಿದಳು.

ಹಿಮ ಬಿದ್ದ ಅಂಗಳ. ಬೆನ್ನಿಗೆ ಮಗುವನ್ನು ಕಟ್ಟಿಕೊಂಡ ಚೆನ್ನವ್ವ. ಪಡಸಾಲೆಯಲ್ಲಿ ಅಲುಗಾಡದೆ ಕೂತ ಅತ್ತೆ. ಚೆನ್ನವ್ವ ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದಳು. ಬಾಗಿಕೊಂಡೇ ಹೇಳಿದಳು — ಈ ಮನೆಯಲ್ಲಿ ನನ್ನ ಕಾಲ ಮುಗಿಯಿತು, ತಿರುಗಿ ಬರುವುದಿಲ್ಲ, ನನ್ನ ಮಗುವನ್ನು ನಾನೇ ಸಾಕುತ್ತೇನೆ. ಅವರಲ್ಲಿ ಬೀಳ್ಕೊಳ್ಳುವಾಗಲೂ ಹಾಗೆ ಬಾಗುತ್ತಾರೆ. ನಮ್ಮಲ್ಲಿ ಹಾಗೆ ಬಾಗುವವರು ಕಾಲು ಬೀಳುವವರು. ನನ್ನ ಸುಳ್ಳಿಗೆ ಬೇಕಾದ ಚಿತ್ರವನ್ನು ಟಿವಿಯೇ ಒದಗಿಸಿತ್ತು.

“ಏನಂದ್ಲು?” ಆಯಿ ಕೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ನೀನೂ ನೋಡಿದೆ.

“ತಪ್ಪಾತ್ರಿ ಅತ್ತಿ ಅಂದ್ಲು,” ಎಂದೆ. “ಮನಿ ಬಿಡೂ ವಿಚಾರ ಮಾಡಿದ್ದ ತಪ್ಪಾತು, ಇನ್ನ ತಡಕೊಂಡ ಇರ್ತೇನಿ ಅಂದ್ಲು. ನಾಕ ದಿನ ತವರಮನಿಗೆ ಹೋಗಿ ಬರ್ತೇನಿ, ಅಪ್ಪಣಿ ಕೊಡ್ರಿ — ಅಂದ್ಲು.”

“ಶಾಣ್ಯಾ ಹುಡುಗಿ,” ಎಂದಳು ಆಯಿ. “ನೋಡ್ರಿ, ಅಲ್ಲೂ ಸೊಸ್ತ್ಯಾರು ಕಾಲ ಬೀಳ್ತಾರ.”

ನೀನು ಸವಿತಾಳ ತಲೆ ಸವರಿದೆ. ಕಣ್ಣೀರು ಹಾಕಿದೆಯೋ ಇಲ್ಲವೋ ನೆನಪಿಲ್ಲ. ಹಾಕಿದೆ ಎಂದು ಎಷ್ಟೋ ವರ್ಷ ನಂಬಿದ್ದೆ. ಈಗ ಅನಿಸುತ್ತದೆ — ಆ ಅಳು ನಾನು ಆಮೇಲೆ ಸೇರಿಸಿದ್ದು, ನನ್ನ ಪಶ್ಚಾತ್ತಾಪ ದೊಡ್ಡದಾಗಿ ಕಾಣಲೆಂದು. ದಿನಚರಿಯಲ್ಲಿ ಆ ಭಾನುವಾರದ ಕೆಳಗೆ ಇರುವುದು ಇಷ್ಟೇ: ‘ಚೆನ್ನವ್ವ ಹೊರಟಳು. ತಲೆನೋವು.’ ನಿಮಗೆಲ್ಲ ಸುಳ್ಳು ಹೇಳಿದ ಸಂಜೆಯೇ ನನಗೆ ಮಾತ್ರ ನಿಜ ಬರೆದುಕೊಂಡಿದ್ದೆ.

ಸೋಮವಾರ ನಿನ್ನ ಅಣ್ಣ ಬಂದ. ನಮ್ಮ ಕಿಟಕಿಗೆ ನಿನ್ನ ದನಿ ಕೇಳಿತು. “ಅಣ್ಣಾ, ಈ ವರ್ಷ ಬ್ಯಾಡ. ತಡಕೊಂಡ್ರ ಎಲ್ಲಾ ಸರಿ ಆಗತೈತಿ.” ಆತ ಚಹಾ ಕುಡಿದು ಹೋದ. ನಾನು ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಿಟಕಿಯ ಪರದೆ ಹಿಡಿದುಕೊಂಡು ನಿಂತೇ ಇದ್ದೆ.

ಮರುವಾರ ನೀವೆಲ್ಲ ಗದಗಿಗೆ ಮದುವೆಗೆ ಹೋದಿರಿ. ಅದರ ಮುಂದಿನ ವಾರ ಪರೀಕ್ಷೆಯ ನೆಪ ಮಾಡಿ ನಾನು ಧಾರವಾಡದ ಹಾಸ್ಟೆಲಿಗೆ ಓಡಿದೆ. ಕಥೆ ಹೇಳುವವಳಿಲ್ಲದೆ ಆ ಭಾನುವಾರಗಳು ನಿಂತವು. ಉಳಿದ ಕಂತುಗಳನ್ನು ಹಾಸ್ಟೆಲಿನಲ್ಲಿ ನಾನೊಬ್ಬಳೇ ನೋಡಿದೆ.

ಏಕೆ ಹಾಗೆ ಮಾಡಿದೆ? ನಿನ್ನ ಸಂಸಾರ ಉಳಿಯಲಿ ಎಂದು — ಹೀಗೆ ಬಹಳ ವರ್ಷ ಹೇಳಿಕೊಂಡೆ. ನಿಜವಲ್ಲ. ಆಯಿಯ ಬಾಯಿಗೆ ಹೆದರಿದೆ ಎನ್ನುವುದು ಅರ್ಧ ನಿಜ. ನೀನು ಹೋದರೆ ಮಾಳಿಗೆಯ ಮೇಲೆ ನನ್ನೊಂದಿಗೆ ಮಾತಾಡುವವರು ಯಾರೂ ಇರುವುದಿಲ್ಲ ಎನಿಸಿತ್ತೋ ಏನೋ… ಇನ್ನೊಂದು ಕಾರಣವನ್ನು ಬರೆಯಲು ನಾಚಿಕೆಯಾಗುತ್ತದೆ. ಕೋಣೆಯ ತುಂಬ ಜನ ನನ್ನ ಬಾಯಿ ನೋಡುತ್ತಿದ್ದರು. ನಾನು ಹೇಳಿದ್ದೇ ಕಥೆಯಾಗುತ್ತಿತ್ತು. ಅದು ನನಗೆ ಹಿತವಾಗಿತ್ತು.

ಅದೇ ತಿಂಗಳು ನಮ್ಮ ವಿಭಾಗದ ಗೋಡೆಪತ್ರಿಕೆಗೆ ಲೇಖನ ಬರೆದಿದ್ದೆ. ಪೂರ್ವದೇಶದ ಈ ಧಾರಾವಾಹಿಗಳು ಹೆಣ್ಣಿನ ಸಹನೆಯನ್ನು ಹೊಗಳಿ ಹೊಗಳಿಯೇ ಆಕೆಯನ್ನು ಕಟ್ಟಿಹಾಕುತ್ತವೆ ಎಂದು ಖಾರವಾಗಿ ಬರೆದಿದ್ದೆ. ಮೇಷ್ಟ್ರು ಮೆಚ್ಚಿದ್ದರು. ಅಂಥ ಒಂದು ಧಾರಾವಾಹಿ ತನ್ನ ನಾಯಕಿಯನ್ನು ಎಬ್ಬಿಸಿ ಹೊರಗೆ ನಡೆಸಿದಾಗ, ಆಕೆಯನ್ನು ತಿರುಗಿ ಅತ್ತೆಯ ಮುಂದೆ ಕೂಡಿಸಿದವಳು ನಾನೇ.

ಆ ಧಾರಾವಾಹಿಗಳ ಬಗ್ಗೆ ನನಗೆ ಇವತ್ತಿಗೂ ಒಂದೇ ಅಭಿಪ್ರಾಯವಿಲ್ಲ. ಈಗ ಕೊರಿಯಾದವು ಬರುತ್ತವೆ. ವಿದ್ಯಾರ್ಥಿನಿಯರು ಸಿ.ಡಿ. ತಂದುಕೊಡುತ್ತಾರೆ, ಕೂತು ನೋಡುತ್ತೇನೆ. ಮರೆವಿನ ರೋಗ, ಹೊತ್ತಿಗೆ ಸರಿಯಾಗಿ ಆಗುವ ಅಪಘಾತ, ಶ್ರೀಮಂತನ ಮಗ — ಬೇಸರ ಬರುತ್ತದೆ. ಹುಡುಗ ಹುಡುಗಿಯ ಮಣಿಕಟ್ಟು ಹಿಡಿದು ದರದರ ಎಳೆದೊಯ್ಯುವುದನ್ನು ಪ್ರೀತಿ ಎಂದು ತೋರಿಸುತ್ತಾರಲ್ಲ, ಆಗ ಎದ್ದು ಟಿವಿ ಆರಿಸಬೇಕೆನಿಸುತ್ತದೆ. ಆದರೂ ಆರಿಸುವುದಿಲ್ಲ. ಜಗಳವಾಡಿದ ತಂದೆ ಮಗಳ ತಟ್ಟೆಗೆ ಮಾತಿಲ್ಲದೆ ಒಂದು ತುಂಡು ಮೀನು ಎತ್ತಿಡುತ್ತಾನೆ. ಅಷ್ಟನ್ನು ತೋರಿಸಲು ನಮ್ಮವರಿಗೆ ನಾಲ್ಕು ಪುಟ ಮಾತು ಬೇಕು. ಮತ್ತೆ ಆ ಕಥೆಗಳು ಮುಗಿಯುತ್ತವೆ. ನಮ್ಮ ಧಾರಾವಾಹಿಗಳ ಸೊಸೆಯಂದಿರಿಗೆ ಆ ಪುಣ್ಯವೂ ಇಲ್ಲ.

ಕಳೆದ ತಿಂಗಳು ಹುಬ್ಬಳ್ಳಿಯ ಮಹಿಳಾ ಮಂಡಳದಲ್ಲಿ ಇದನ್ನೇ ಭಾಷಣ ಮಾಡಿದೆ. ‘ನೋಡುವವರು ಪ್ರಶ್ನೆ ಕೇಳುವುದನ್ನು ಕಲಿಯಬೇಕು’ ಎಂದು ಮುಗಿಸಿದೆ. ಚಪ್ಪಾಳೆ ನಿಂತ ಮೇಲೆ ನೀನು ಎದುರಿಗೆ ಬಂದೆ, ಗಿರಿಜಕ್ಕ. ಮಗ್ಗುಲಲ್ಲಿ ನಿನ್ನಷ್ಟೇ ಎತ್ತರದ ಸವಿತಾ.

“ನಮ್ಮ ವಸೂ ಎಷ್ಟ ಛಲೋ ಮಾತಾಡ್ತಾಳ ನೋಡ,” ಎಂದು ಮಗಳಿಗೆ ಹೇಳಿ ನನ್ನ ಎರಡೂ ಕೈ ಹಿಡಿದುಕೊಂಡೆ. “ಖರೇ ಹೇಳ್ತೇನಿ ವಸೂ, ಚೆನ್ನವ್ವ ನನಗ ಭಾಳ ಧೈರ್ಯಾ ಕೊಟ್ಲು. ಆಕಿನೂ ತಡಕೊಂಡ್ಲು, ನಾನೂ ತಡಕೊಂಡೆ. ಈಗ ಇಕಿಗೂ ಅದನ್ನ ಹೇಳಾಕತ್ತೇನಿ. ಛಲೋ ಮನಿತನ ಬಂದೈತಿ, ಬಿ.ಎಸ್ಸಿ. ಬಿಡ್ಸಿ ಮದವಿ ಮಾಡಿಕೊಡ್ರಿ ಅಂತಾರ. ಇಕಿ ಒಲ್ಲೆ ಅಂತ ಕುಂತಾಳ.”

ಸವಿತಾ ತಾಯಿಯ ಕಡೆ ನೋಡಲಿಲ್ಲ. ನನ್ನನ್ನೇ ನೋಡಿ ಕೇಳಿದಳು: “ಆಂಟಿ, ದಿನಾ ಚೆನ್ನವ್ವನ ಪುರಾಣ ಕೇಳಿ ಸಾಕಾಗೇತಿ. ಆ ಸೀರಿಯಲ್ ಹೆಸರೇನ್ರಿ? ನಾನೂ ನೋಡ್ತೇನಿ. ಆಕಿ ಖರೇನ ಹಂಗಂದ್ಲೇನು?”

ಆ ಭಾಷಣ ಮಾಡಿ ಐದು ನಿಮಿಷವೂ ಆಗಿರಲಿಲ್ಲ. ಒಬ್ಬ ಹುಡುಗಿ ಪ್ರಶ್ನೆ ಕೇಳಿದ್ದಳು.

“ನನಗ ನೆನಪಿಲ್ಲವಾ,” ಎಂದೆ. “ಭಾಳ ವರ್ಷ ಆತಲ್ಲ.”

ಕಷಾಯದ್ದನ್ನು ಬಿಟ್ಟರೆ ಅದು ಎರಡನೆಯ ಸುಳ್ಳು. ಮೊದಲಿನದಕ್ಕೆ ನನ್ನ ಇಪ್ಪತ್ತೆರಡರ ವಯಸ್ಸಿನ ನೆಪವಿತ್ತು, ಆಯಿಯ ಹೆದರಿಕೆಯಿತ್ತು. ಇದಕ್ಕೆ ಏನೂ ಇಲ್ಲ. ನೆನಪನ್ನು ನಂಬುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ನಾನು, ಚೆನ್ನಾಗಿ ನೆನಪಿದ್ದ ಒಂದೇ ಒಂದು ಸಂಗತಿಯನ್ನು ಮರೆತೆ ಎಂದೆ.

ಶನಿವಾರ ಗಂಡಿನ ಕಡೆಯವರು ನಿಶ್ಚಯಕ್ಕೆ ಬರುತ್ತಾರೆ ಎಂದು ನಿನ್ನೆ ನಮ್ಮವ್ವನಿಂದ ತಿಳಿಯಿತು. ಇವತ್ತು ಬುಧವಾರ. ಈ ಕಾಗದವನ್ನು ಅಂಚೆಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹಾಕುವುದಿಲ್ಲ. ನಾಳೆ ನಾನೀಗ ಇರುವ ರಾಯಾಪುರದಿಂದ ಬೆಳಗಿನ ಬಸ್ಸಿಗೆ ಹೊರಟು ನಿಮ್ಮ ಮನೆಗೆ ಬರುತ್ತೇನೆ. ಸವಿತಾ ಕಾಲೇಜಿಗೆ ಹೋಗುವ ಮುಂಚೆಯೇ ತಲುಪುತ್ತೇನೆ. ನಿಮ್ಮಿಬ್ಬರನ್ನೂ ಕೂಡಿಸಿಕೊಂಡು ಇದನ್ನು ಓದುತ್ತೇನೆ. ಆಯಿ ಇದ್ದರೆ ಆಕೆಯೂ ಕೇಳಲಿ.

ಮದುವೆಯಾಗು ಎಂದಾಗಲಿ, ಬೇಡ ಎಂದಾಗಲಿ ನಾನು ಸವಿತಾಳಿಗೆ ಹೇಳುವುದಿಲ್ಲ. ಇನ್ನೊಬ್ಬರ ಬದುಕಿನಲ್ಲಿ ಏನಾಗಬೇಕು ಎಂದು ಒಮ್ಮೆ ನಿರ್ಧರಿಸಿದ್ದು ಸಾಕು. ಕಥೆಯನ್ನು ಇದ್ದ ಹಾಗೆ ಹೇಳುತ್ತೇನೆ. ಮನೆ ಬಿಟ್ಟ ಮೇಲೆ ಚೆನ್ನವ್ವ ಸುಖಪಡಲಿಲ್ಲ. ಬುಟ್ಟಿ ಹೊತ್ತು ಮೀನು ಮಾರಿದಳು, ಮಳೆಯಲ್ಲಿ ನೆನೆದಳು, ಎಷ್ಟೋ ಸಲ ಮೋಸ ಹೋದಳು. ಹಾಗೆಯೇ ಅಂಗಡಿ ಇಟ್ಟಳು, ಮಗುವನ್ನು ಬೆಳೆಸಿದಳು. ಹಿತವಾದದ್ದನ್ನು ಆರಿಸಿ ಹೇಳುವುದಿಲ್ಲ, ಅಹಿತವಾದದ್ದನ್ನು ಮುಚ್ಚಿಡುವುದಿಲ್ಲ. ಧಾರಾವಾಹಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಸವಿತಾಳ ಕೈಗೆ ಕೊಡುತ್ತೇನೆ.

ಮತ್ತೆ ನೀನು, ಗಿರಿಜಕ್ಕ — ನಾನು ಹೇಳಿದ ಆ ಮಾತಿನ ಮೇಲೆ ಇಷ್ಟು ವರ್ಷ ಗಟ್ಟಿಯಾಗಿ ನಿಂತವಳು. ಅದನ್ನು ಕಿತ್ತುಕೊಂಡರೆ ನಿನಗೆ ಏನು ಉಳಿಯುತ್ತದೆ ಎಂದು ಯೋಚಿಸಿದರೆ ಪೆನ್ನು ನಿಲ್ಲುತ್ತದೆ. ಈ ಯೋಚನೆಯೂ ನನ್ನನ್ನು ಉಳಿಸಿಕೊಳ್ಳುವ ಉಪಾಯವಿರಬಹುದು. ತಡೆದದ್ದು ನೀನು, ಸಂಸಾರ ನಡೆಸಿದ್ದು ನೀನು. ಅದು ಚೆನ್ನವ್ವನದೂ ಅಲ್ಲ, ನನ್ನದೂ ಅಲ್ಲ. ಆದರೆ ಹೋಗುವುದೋ ಇರುವುದೋ ಎಂದು ನೀನು ನಿಜ ತಿಳಿದು ಆರಿಸಬೇಕಿತ್ತು. ಅದನ್ನು ನಾನು ಕಸಿದೆ. ತಿರುಗಿ ಕೊಡಲು ಬರುವುದಿಲ್ಲ.

ಕ್ಷಮಿಸು ಎಂದು ನಾಳೆ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನನಗೆ ಗೊತ್ತು. ಓದಿ ಮುಗಿಸಿ ಅಲ್ಲೇ ಕೂಡುತ್ತೇನೆ. ನೀನು ಬೈದರೆ ಕೇಳುತ್ತೇನೆ. ಏನಾದರೂ ಕೇಳಿದರೆ, ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನೀನು ಹೋಗು ಎಂದ ಮೇಲೆ ಏಳುತ್ತೇನೆ.