ಪಿಯಾನೊ ರಿಪೇರಿಯವ ಮತ್ತು ನಾನು

ಎಪ್ಪತ್ತು ವರ್ಷಕ್ಕೂ ಹಳೆಯದಾದ ಹಾಲಿವುಡ್ ಚಿತ್ರವೊಂದರ ಡಿವಿಡಿ ಶಹಾಪುರದ ನಮ್ಮ ಮನೆಗೆ ಬಂದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ತರಿಸಿದವನು ನಾನೇ. ಗೀರು, ಧೂಳು ಎಲ್ಲ ತೆಗೆದು ಹೊಸದಾಗಿ ಬಿಡುಗಡೆ ಮಾಡಿದ್ದಾರೆಂದು ಪತ್ರಿಕೆಯಲ್ಲಿ ಓದಿ ಹುರುಪಿನಲ್ಲಿ ಆರ್ಡರ್ ಮಾಡಿದ್ದೆ. ಡಬ್ಬಿಯ ಹಿಂಬದಿಯ ಕಥಾಸಾರವನ್ನು ಎರಡೆರಡು ಸಲ ಓದಿದೆ. ಹೋಟೆಲಿಗೆ ಬಂದ ಶ್ರೀಮಂತನನ್ನು ನಾಯಕಿ ಪಿಯಾನೊ ರಿಪೇರಿಯವನೆಂದು ತಿಳಿಯುತ್ತಾಳೆ. ಅವನೂ ಅಲ್ಲ ಎನ್ನುವುದಿಲ್ಲ. ಅವಳು ಆ ರಿಪೇರಿಯವನನ್ನೇ ಪ್ರೀತಿಸುತ್ತಾಳೆ.

ಶ್ರೀಮಂತಿಕೆಯೊಂದನ್ನು ಬಿಟ್ಟರೆ ಇದು ನನ್ನ ಮದುವೆಯ ಕಥೆ.

ಸುರಪುರಕ್ಕೆ ಹೆಣ್ಣು ನೋಡಲು ಹೋಗಬೇಕಿದ್ದ ದಿನ ನನ್ನ ಮಾವ, ಅಂದರೆ ಅವ್ವನ ಅಣ್ಣ, ಹಿರಿಯರನ್ನು ಕರೆದುಕೊಂಡು ತನ್ನೂರು ಸಗರದಿಂದ ಜೀಪಿನಲ್ಲಿ ಬರುವವನಿದ್ದ. ಜೀಪು ಕೆಟ್ಟರೆ? ಗಾಲಿ ಪಂಕ್ಚರ್ ಆದರೆ? ಈ ಚಿಂತೆಯಲ್ಲಿ ನಾನೊಬ್ಬನೇ ಬಸ್ಸು ಹತ್ತಿ ಒಂದೂವರೆ ತಾಸು ಮೊದಲೇ ಆ ಮನೆಯ ಬಾಗಿಲಲ್ಲಿ ನಿಂತಿದ್ದೆ. ವರ ಎಂದಮೇಲೆ ಹಿರಿಯರ ನಡುವೆ ಬಂದು ಗೋಡೆಗೊರಗಿ ಕೂರಬೇಕು. ಒಬ್ಬನೇ ನಡೆದು ಬಂದವನನ್ನು ಯಾರು ವರ ಎಂದಾರು?

"ಬರ್ರಿ ಬರ್ರಿ, ಮುಂಜಾನಿಂದ ನಿಮ್ಮ ದಾರಿನೇ ನೋಡಾಕತ್ತೀವಿ," ಎಂದರು ಹುಡುಗಿಯ ತಾಯಿ.

ಎಷ್ಟು ಒಳ್ಳೆಯ ಮಂದಿ ಎಂದುಕೊಂಡೆ.

"ನಿಚ್ಚಣಿಕಿ ಅಲ್ಲೇ ಅದ ನೋಡ್ರಿ. ಲಗೂನ ಮುಗಸ್ರಿ, ಬೀಗರು ಬರೋ ಹೊತ್ತಾತು. ಅವ್ರ ಮುಂದ ಟಿವಿ ಬರಲಿಲ್ಲಂದ್ರ ಮರ್ಯಾದಿ ಹೋಗ್ತದ."

ಆ ಬೀಗರು ನಾವೇ ಎಂದು ಹೇಳಲು ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ನಾನು ಹೇಳಿದರೆ ಆ ತಾಯಿಗೆ ಎಷ್ಟು ನಾಚಿಕೆಯಾದೀತು ಎಂದು ಚಿಂತಿಸಿದೆ. ಗಳಿಗೆ ಕಳೆಯಿತು. ನಾನು ಏಣಿ ಹತ್ತಿದೆ.

ಮಾಳಿಗೆಯ ಮೇಲೆ ಆಂಟೆನಾದ ಕೊಳವೆ ಹಿಡಿದು ತಿರುಗಿಸುತ್ತಿದ್ದರೆ ಕೆಳಗೆ ಅಂಗಳದಿಂದ ಹುಡುಗಿಯೊಬ್ಬಳ ದನಿ: "ಹೋತು... ಬಂತು... ಜ್ವಾಳ ಸುರದಂಗ ಆಗಾಕತ್ತದ್ರಿ... ಬಂತು! ಕೈ ತಗೀಬ್ಯಾಡ್ರಿ!"

ನಾನು ಕೈ ತೆಗೆಯಲಿಲ್ಲ. ಜೀಪು ಬಂದು ನಿಂತಾಗಲೂ ಹಿಡಿದುಕೊಂಡೇ ಇದ್ದೆ. ಮಾವ ಕತ್ತೆತ್ತಿ ನೋಡಿ ಕೇಳಿದ: "ನಮ್ಮ ಹುಡುಗ ಮ್ಯಾಲ ಏನ್ ಮಾಡಾಕತ್ತಾನ್ರಿ?"

ಹುಡುಗಿಯ ತಾಯಿ ಸೆರಗು ಮುಖಕ್ಕೆ ಹಚ್ಚಿಕೊಂಡು ಒಳಗೆ ಓಡಿದರು. ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದೆವು. ಹುಡುಗಿ ಒಪ್ಪಿದಳು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ: ಅವಳು ಒಪ್ಪಿದ್ದು ನನ್ನನ್ನೋ, ಆ ರಿಪೇರಿಯವನನ್ನೋ? ನಾನು ಇಂಗ್ಲಿಷ್ ಮಾಸ್ತರ. ಬಲ್ಬು ಬದಲಿಸುವುದಕ್ಕೂ ಬರುವುದಿಲ್ಲ. ನಮ್ಮ ಮನೆಯ ಫ್ಯೂಸು, ನಲ್ಲಿ, ಮಿಕ್ಸರ್ ಎಲ್ಲ ಅವಳ ಕೈಯಲ್ಲೇ. ಮೋಸ ಹೋದೆ ಎಂದು ಅವಳು ಒಮ್ಮೆಯೂ ಅಂದಿಲ್ಲ. ಅದೇ ನನಗೆ ಹೆಚ್ಚಿನ ಚಿಂತೆ.

ಭಾನುವಾರ ಮಧ್ಯಾಹ್ನ ಅವಳೇ ಕಪಾಟಿನಿಂದ ಹಳೆಯ ಪ್ಲೇಯರ್ ತೆಗೆದು ಟಿವಿಗೆ ಜೋಡಿಸಿದಳು. ನಾನು ಪಕ್ಕದಲ್ಲಿ ಕುಳಿತು ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾಯಕ ಪಿಯಾನೊದೊಳಗೆ ತಲೆ ತೂರಿಸಿದಾಗ ನನ್ನ ಅನುವಾದ ತೊದಲಿತು. ಅವಳು ರಿಮೋಟು ಒತ್ತಿ ಚಿತ್ರ ನಿಲ್ಲಿಸಿದಳು.

"ಯಾಕ್ರಿ, ಬೆವರಾಕತ್ತೀರಿ?"

"ಆಕಿಗೆ ಇಂವಾ ರಿಪೇರಿಯವ ಅಲ್ಲಂತ ಗೊತ್ತಾದ್ರ ಏನ್ ಮಾಡ್ತಾಳ?" ಎಂದೆ. ಆಮೇಲೆ, ಇಷ್ಟು ವರ್ಷ ನುಂಗಿದ್ದನ್ನು ಉಗುಳಿಬಿಟ್ಟೆ. "ನೀ ಏನ್ ಮಾಡಿದಿ? ನಿಂಗ ಮೋಸ ಆತಂತ ಅನಸ್ಲಿಲ್ಲೇನು?"

ಅವಳು ನನ್ನನ್ನು ನೋಡಿದಳು, ಮಿಕ್ಸರ್ ಬಿಚ್ಚುವ ಮೊದಲು ನೋಡುವ ಹಾಗೆ.

"ನಿಮ್ಮ ಹೊಸಾ ಅಂಗಿ ಕಾಲರ್‌ದಾಗ ಅಂಗಡಿ ಗುಂಡುಪಿನ್ನು ಹಂಗೇ ಇತ್ತು. ಕೈಯಾಗ ಒಂದು ಸ್ಕ್ರೂ ಡ್ರೈವರ್ ಸೈತ ಇರಲಿಲ್ಲ. ಯಾವ ರಿಪೇರಿಯವ ಹಂಗ ಬರ್ತಾನ್ರಿ?"

"ಮತ್ತ ಮಾಳಗಿ ಮ್ಯಾಲ ಏರಾಕ ಯಾಕ ಬಿಟ್ಟಿ?"

"ಹೆಣ್ಣು ನೋಡಾಕ ಬಂದಾವ್ರು ಅಡಿಗಿ ಬರ್ತದೇನು, ಹೊಲಿಗಿ ಬರ್ತದೇನು ಅಂತ ಕೇಳ್ತಾರ. ನಾವ್ ಏನ್ ಕೇಳಬೇಕು? ನಿಚ್ಚಣಿಕಿ ಹತ್ತೂಮುಂದ ನಿಮ್ಮ ಕಾಲು ಲಟಲಟ ನಡಗಾಕತ್ತಿದ್ವು. ಆದ್ರೂ ನಮ್ಮವ್ವ ನಾಚಬಾರ್ದಂತ ಹತ್ತಿದ್ರಿ. ನನಗ ಅಷ್ಟು ಸಾಕಾತು." ಮತ್ತೆ ಸೇರಿಸಿದಳು: "ಟಿವಿ ಮೊದಲನೇ ಸಲಕ್ಕೇ ಬಂದಿತ್ತು. ನಾನೇ ಹೋತು ಹೋತು ಅಂದೆ."

"ಇಷ್ಟು ದಿನ ಯಾಕ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

ಅವಳು ಚಿತ್ರ ಮುಂದುವರಿಸಿದಳು. ಕೊನೆಯ ದೃಶ್ಯಕ್ಕೆ ಬರುತ್ತಿದ್ದಂತೆ ಪರದೆ ಪಟ್ಟೆಪಟ್ಟೆಯಾಯಿತು. ಅವಳು ಏಳಲಿಲ್ಲ. ನಾನೇ ಎದ್ದು ಟಿವಿಯ ಹಿಂದೆ ಹೋಗಿ ಪ್ಲೇಯರಿನ ಹಳದಿ ವೈರನ್ನು ಅಲುಗಾಡಿಸಿದೆ.

"ಹೋತು... ಬಂತು. ಹಾಂ! ಕೈ ತಗೀಬ್ಯಾಡ್ರಿ."

ವೈರು ಹಿಡಿದು ನಿಂತೆ. ಅಲ್ಲಿಂದ ಚಿತ್ರ ಕಾಣಿಸುತ್ತಿರಲಿಲ್ಲ, ಅದರ ಬೆಳಕು ಬಿದ್ದ ಅವಳ ಮುಖ ಮಾತ್ರ ಕಾಣುತ್ತಿತ್ತು. ಅನುವಾದಕ್ಕೆ ನಾನಿಲ್ಲದಿದ್ದರೂ ಅವಳು ಜೋರಾಗಿ ನಕ್ಕಳು.

"ಏನಾತು?" ಎಂದೆ.

"ತಡೀರಿ, ಹೇಳ್ತೀನಿ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಕೈ ಬಿಟ್ಟರೆ ಚಿತ್ರ ನಿಜಕ್ಕೂ ಹೋಗುತ್ತದೋ ಎಂಬ ಅನುಮಾನ ಬಂತು. ಆದರೂ ಕೈ ತೆಗೆಯಲಿಲ್ಲ.